ಬ್ಯಾಜರ್ ಕೊಂದರೆ ಹಸುವಿನ ಕ್ಷಯ ಹೋಗುತ್ತಾ?

ಇಂಗ್ಲೆಂಡಿನ ಹಳ್ಳಿ ಕಡೆ ಜಗಳ ಹಚ್ಚಬೇಕು ಅಂದರೆ ಒಂದೇ ಪ್ರಶ್ನೆ ಸಾಕು. ಹಸುಗಳಿಗೆ ಕ್ಷಯ, ಅಂದರೆ ಟಿಬಿ, ಹರಡುತ್ತೆ ಅಂತ ಬ್ಯಾಜರ್ ಅನ್ನೋ ಬಿಲದ ಕಾಡುಪ್ರಾಣಿಯನ್ನು ಕೊಲ್ಲೋದು ಸರಿನಾ, ತಪ್ಪಾ? ಡೈರಿ ರೈತರು ಒಂದು ಕಡೆ ನಿಲ್ಲುತ್ತಾರೆ, ಪ್ರಾಣಿಪ್ರಿಯರು ಇನ್ನೊಂದು ಕಡೆ. ನಡುವೆ ವಿಜ್ಞಾನಿಗಳು, ಅವರಲ್ಲೂ ಒಮ್ಮತ ಇಲ್ಲ. ಈ ಜಗಳಕ್ಕೆ 50 ವರ್ಷ ದಾಟಿದೆ. ಅಷ್ಟರಲ್ಲಿ ಲಕ್ಷಗಟ್ಟಲೆ ದನ ಸತ್ತವು, ಲಕ್ಷಗಟ್ಟಲೆ ಬ್ಯಾಜರ್ ಸತ್ತವು, ರೋಗ ಮಾತ್ರ ಇನ್ನೂ ಅಲ್ಲೇ ಇದೆ.

ಹೊರಗಿನಿಂದ ನೋಡಿದರೆ ಇದೇನು ಅಂಥ ಕಷ್ಟದ ವಿಷಯ ಅನ್ಸಲ್ಲ. ಒಂದು ರೋಗಾಣು, ಎರಡು ಪ್ರಾಣಿ. ಯಾರಿಂದ ಯಾರಿಗೆ ಹರಡುತ್ತೆ ಅಂತ ನೋಡಿ ಅಲ್ಲಿ ತಡೆದರೆ ಮುಗೀತಲ್ವಾ? ಮುಗಿಯಲಿಲ್ಲ. ಯಾಕೆ ಅಂತ ಬಿಡಿಸಿ ನೋಡೋಣ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಬ್ಯಾಜರ್ ನಿರಪರಾಧಿ ಅಲ್ಲ. ಆದರೆ ಎಲ್ಲರೂ ಅದರ ಬಿಲದ ಬಾಯಿಗೇ ಕಣ್ಣು ನೆಟ್ಟು ಕೂತಿದ್ದರಿಂದ ಕೊಟ್ಟಿಗೆಯೊಳಗೆ ಏನು ನಡೀತಿದೆ ಅನ್ನೋದರ ಮೇಲೆ ಗಮನ ಕಡಿಮೆ ಆಯಿತು.

ಮೊದಲು ರೋಗ. ಇದರ ರೋಗಾಣುವಿನ ಹೆಸರು ಮೈಕೋಬ್ಯಾಕ್ಟೀರಿಯಂ ಬೋವಿಸ್. ನಮಗೆ ಬರುವ ಟಿಬಿಯ ರೋಗಾಣುವಿಗೆ ಇದು ದಾಯಾದಿ, ಎರಡರ ಜೀನ್‌ಗಳೂ ಶೇ 99.9ಕ್ಕಿಂತ ಜಾಸ್ತಿ ಒಂದೇ. ಬೋವಿಸ್‌ಗೆ ಹಸುವೇ ಆಗಬೇಕು ಅಂತೇನೂ ಇಲ್ಲ. ಜಿಂಕೆ, ಹಂದಿ, ಮೇಕೆ, ಬೆಕ್ಕು, ಮನುಷ್ಯ, ಬ್ಯಾಜರ್, ಎಲ್ಲರೂ ನಡೆಯುತ್ತೆ. ಬೆಳೆಯೋದು ಮಾತ್ರ ವಿಪರೀತ ನಿಧಾನ. ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ 20 ನಿಮಿಷಕ್ಕೆ ಎರಡಾದರೆ, ಇದು ಎರಡಾಗೋಕೆ ಸುಮಾರು 20 ಗಂಟೆ ತೆಗೆದುಕೊಳ್ಳುತ್ತೆ. ಲ್ಯಾಬ್‌ನಲ್ಲಿ ಬೆಳೆಸಿ ನೋಡೋಣ ಅಂದರೆ ವಾರಗಟ್ಟಲೆ ಕಾಯಬೇಕು.

ಈ ನಿಧಾನವೇ ಇದರ ಶಕ್ತಿ. ಸೋಂಕು ತಗುಲಿದ ಹಸು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಆರಾಮಾಗಿ ಮೇಯುತ್ತಾ, ಹಾಲು ಕೊಡುತ್ತಾ, ಕರು ಹಾಕುತ್ತಾ ಇರುತ್ತೆ. ಕೆಮ್ಮು ಇಲ್ಲ, ಸೊರಗೋದು ಇಲ್ಲ. ಒಳಗೆ ಎದೆಯ ಗ್ರಂಥಿಗಳಲ್ಲಿ, ಶ್ವಾಸಕೋಶದಲ್ಲಿ ಸಣ್ಣ ಸಣ್ಣ ಗಂಟು ಕಟ್ಟುತ್ತಿರುತ್ತೆ. ಪಕ್ಕದ ಹಸು ಅದೇ ಗಾಳಿ ಉಸಿರಾಡುತ್ತೆ. ಚಳಿಗಾಲದಲ್ಲಿ ದನಗಳನ್ನೆಲ್ಲ ಒಂದೇ ಶೆಡ್‌ನಲ್ಲಿ ಒತ್ತೊತ್ತಾಗಿ ಕೂಡಿಹಾಕುವ ಊರಲ್ಲಿ ರೋಗಕ್ಕೆ ಇನ್ನೇನು ಬೇಕು?

1930ರ ದಶಕದಲ್ಲಿ ಬ್ರಿಟನ್ನಿನ ಡೈರಿ ಹಸುಗಳಲ್ಲಿ ಸುಮಾರು ಶೇ 40ಕ್ಕೆ ಈ ಸೋಂಕಿತ್ತು. ಹಸಿ ಹಾಲು ಕುಡಿದು ಮಕ್ಕಳ ಕುತ್ತಿಗೆಯಲ್ಲಿ ಗಡ್ಡೆ ಏಳುತ್ತಿತ್ತು, ಹೊಟ್ಟೆಗೆ, ಮೂಳೆಗೆ ಕ್ಷಯ ಬರುತ್ತಿತ್ತು. ವರ್ಷಕ್ಕೆ 2,500ರಷ್ಟು ಜನ ಹಸುವಿನ ಟಿಬಿಯಿಂದಲೇ ಸಾಯುತ್ತಿದ್ದರು. ಜನರನ್ನು ಕಾಪಾಡಿದ್ದು ಹಾಲಿನ ಪಾಶ್ಚರೀಕರಣ. ಹಾಲನ್ನು 72 ಡಿಗ್ರಿಗೆ 15 ಸೆಕೆಂಡ್ ಬಿಸಿ ಮಾಡಿದರೆ ಈ ರೋಗಾಣು ಸಾಯುತ್ತೆ. ದನಗಳ ವಿಷಯಕ್ಕೆ ಬಂದರೆ, ಪರೀಕ್ಷೆ ಮಾಡು, ಸೋಂಕಿದ್ದರೆ ಕೊಲ್ಲು ಅನ್ನೋದೇ ದಾರಿ ಆಯಿತು. 1950ರಿಂದ ಅದನ್ನು ಜಿಲ್ಲೆ ಜಿಲ್ಲೆಯಾಗಿ ಕಡ್ಡಾಯ ಮಾಡುತ್ತಾ ಬಂದರು, 1960ರ ಹೊತ್ತಿಗೆ ಇಡೀ ದೇಶವೇ ಅದರೊಳಗೆ ಬಂತು. ಫಲವೂ ಸಿಕ್ಕಿತು. 1970ರ ದಶಕದಲ್ಲಿ ರೋಗ ಬಹುತೇಕ ಕಡೆ ಮಾಯ.

ಆದರೆ ನೈಋತ್ಯ ಮೂಲೆಯಲ್ಲಿ ಹೋಗಲಿಲ್ಲ. ಕಾರ್ನ್‌ವಾಲ್, ಡೆವನ್, ಗ್ಲಾಸ್ಟರ್‌ಶೈರ್ ಕಡೆ ಸೋಂಕಿನ ದನಗಳನ್ನು ಕೊಂದು ಹಿಂಡು ಶುದ್ಧ ಆಯಿತು ಅಂದುಕೊಂಡ ಮೇಲೂ ಮತ್ತೆ ಮತ್ತೆ ಬರುತ್ತಿತ್ತು. ಎಲ್ಲಿಂದ? 1971ರಲ್ಲಿ ಗ್ಲಾಸ್ಟರ್‌ಶೈರ್‌ನ ಒಂದು ಫಾರ್ಮಿನಲ್ಲಿ ಸತ್ತ ಬ್ಯಾಜರ್ ಸಿಕ್ಕಿತು. ಕೊಯ್ದು ನೋಡಿದರೆ ಒಳಗೆ ಟಿಬಿ.

ಬ್ಯಾಜರ್ ಅಂದರೆ ಏನು ಅಂತ ನಮ್ಮಲ್ಲಿ ಬಹಳ ಜನರಿಗೆ ಗೊತ್ತಿರೋದಿಲ್ಲ. ನಮ್ಮ ಕಾಡುಗಳಲ್ಲಿರುವ ತರಕರಡಿಗೆ ದೂರದ ನೆಂಟ ಅನ್ನಬಹುದು, ಅಷ್ಟೇ. ಯುರೋಪಿನ ಬ್ಯಾಜರ್ ಹತ್ತು ಕೆಜಿ ತೂಗುವ, ಗಿಡ್ಡ ಕಾಲಿನ, ಬೂದು ಮೈಯ ಪ್ರಾಣಿ. ಬಿಳಿ ಮುಖದ ಮೇಲೆ ಕಣ್ಣಿನ ನೇರಕ್ಕೆ ಎರಡು ಕಪ್ಪು ಪಟ್ಟೆ. ಹಗಲು ನೆಲದೊಳಗೆ ಮಲಗಿದ್ದು ರಾತ್ರಿ ಹೊರಗೆ ಬರುತ್ತೆ. ಬಿಲ ಅಂದರೆ ಸಣ್ಣ ತೂತಲ್ಲ, ಹತ್ತಾರು ಬಾಯಿಗಳಿರುವ ಸುರಂಗದ ಜಾಲ. ತಲೆಮಾರುಗಳಿಂದ ಅದೇ ಬಿಲದಲ್ಲಿ ಗುಂಪಾಗಿ ಬಾಳುತ್ತವೆ. ಮುಖ್ಯ ಊಟ ಎರೆಹುಳ. ಎರೆಹುಳ ಜಾಸ್ತಿ ಸಿಗೋದು ಎಲ್ಲಿ? ದನ ಮೇದು ಹುಲ್ಲು ಗಿಡ್ಡ ಆಗಿರುವ, ಸಗಣಿ ಬಿದ್ದ, ತೇವದ ಹುಲ್ಲುಗಾವಲಿನಲ್ಲಿ. ಅಂದರೆ ಒಳ್ಳೆ ಡೈರಿ ಜಾಗವೇ ಒಳ್ಳೆ ಬ್ಯಾಜರ್ ಜಾಗ. ನೈಋತ್ಯ ಇಂಗ್ಲೆಂಡಿನಲ್ಲಿ ಎರಡೂ ದಂಡಿಯಾಗಿವೆ.

ಬ್ಯಾಜರ್‌ಗೆ ಟಿಬಿ ಬಂದರೆ ಅದೂ ಕೂಡಲೇ ಸಾಯುವುದಿಲ್ಲ, ವರ್ಷಗಟ್ಟಲೆ ಬದುಕಬಹುದು. ರೋಗ ಜೋರಾದಾಗ ಕಫ, ಮೂತ್ರ, ಮಲ, ಕಚ್ಚಾಡಿಕೊಂಡ ಗಾಯದ ಕೀವು, ಎಲ್ಲದರಲ್ಲೂ ರೋಗಾಣು ಹೊರಬರುತ್ತೆ. ಹಾಗಂತ ಬ್ಯಾಜರ್ ಹೋಗಿ ಹಸುವಿನ ಮೂಗಿಗೆ ಮೂಗು ತಾಗಿಸುತ್ತೆ ಅಂದುಕೊಳ್ಳಬೇಡಿ. ಕಾರ್ನ್‌ವಾಲ್‌ನಲ್ಲಿ ವಿಜ್ಞಾನಿಗಳು ದನಗಳಿಗೂ ಬ್ಯಾಜರ್‌ಗಳಿಗೂ ಕೊರಳಪಟ್ಟಿ ಕಟ್ಟಿ, ಎರಡೂ ಹತ್ತಿರ ಬಂದರೆ ದಾಖಲಾಗುವ ಹಾಗೆ ಮಾಡಿ ತಿಂಗಳುಗಟ್ಟಲೆ ನೋಡಿದರು. 2016ರಲ್ಲಿ ಬಂದ ಫಲಿತಾಂಶ ಏನು ಗೊತ್ತಾ? ಬ್ಯಾಜರ್‌ಗೆ ದನಗಳ ಹುಲ್ಲುಗಾವಲು ಇಷ್ಟ, ದನ ಇಷ್ಟ ಇಲ್ಲ. ಎದುರುಬದುರು ಹತ್ತಿರ ಬಂದದ್ದು ಒಂದು ಸಲವೂ ಸಿಗಲಿಲ್ಲ. ಹಾಗಾದರೆ ಸೋಂಕು ದಾಟುವುದು ಬಹುಶಃ ಮಣ್ಣು, ಹುಲ್ಲು, ನೀರಿನ ತೊಟ್ಟಿ, ಮೇವಿನ ಶೆಡ್ ಮೂಲಕ. ರೋಗಾಣು ತಂಪಿನ, ನೆರಳಿನ ಮಣ್ಣಿನಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಬದುಕಿರಬಲ್ಲದು.

ಬ್ಯಾಜರ್ ಒಳಗೆ ಟಿಬಿ ಸಿಕ್ಕಿದ ಮೇಲೆ ಸರ್ಕಾರ ಮಾಡಿದ್ದು ಸೀದಾ ಕೆಲಸ. 1975ರಿಂದ ಬಿಲಗಳಿಗೆ ಹೈಡ್ರೋಜನ್ ಸೈನೈಡ್ ಅನಿಲ ಬಿಟ್ಟರು. ಗ್ಲಾಸ್ಟರ್‌ಶೈರ್ ಹತ್ತಿರದ ಥಾರ್ನ್‌ಬರಿ ಎಂಬಲ್ಲಿ ಹೀಗೆ ಪೂರ್ತಿ ಖಾಲಿ ಮಾಡಿದ ಮೇಲೆ ಹತ್ತು ವರ್ಷ ದನಗಳಲ್ಲಿ ಟಿಬಿ ಕಾಣಿಸಿಕೊಳ್ಳಲಿಲ್ಲ. ಬ್ಯಾಜರ್‌ಗೂ ದನದ ರೋಗಕ್ಕೂ ಸಂಬಂಧವೇ ಇಲ್ಲ ಅನ್ನುವವರು ಈ ಥಾರ್ನ್‌ಬರಿಗೆ ಉತ್ತರ ಕೊಡಬೇಕಾಗುತ್ತೆ. ಆದರೆ ಆ ಅನಿಲದಿಂದ ಬ್ಯಾಜರ್‌ಗಳು ಬೇಗ ಸಾಯದೆ ನರಳುತ್ತವೆ ಅಂತ ಗೊತ್ತಾಗಿ 1982ರಲ್ಲಿ ನಿಲ್ಲಿಸಿದರು. ಆಮೇಲೆ ಬೋನು, ಬಂದೂಕು. ರೋಗ ಬಂದ ಫಾರ್ಮಿನ ಸುತ್ತ ಮಾತ್ರ ಹಿಡಿದು ಕೊಲ್ಲುವ ಪದ್ಧತಿ ಸುಮಾರು ವರ್ಷ ನಡೆಯಿತು. ರೋಗ ಮಾತ್ರ ಏರುತ್ತಲೇ ಹೋಯಿತು.

1997ರಲ್ಲಿ ವಿಜ್ಞಾನಿ ಜಾನ್ ಕ್ರೆಬ್ಸ್ ಸರ್ಕಾರಕ್ಕೆ ವರದಿ ಕೊಟ್ಟರು. ಅವರು ಹೇಳಿದ್ದರ ಸಾರ ಇಷ್ಟು: ಬ್ಯಾಜರ್‌ನಿಂದ ದನಕ್ಕೆ ರೋಗ ಹೋಗುತ್ತೆ ಅನ್ನೋಕೆ ಸಾಕಷ್ಟು ಸುಳಿವು ಇದೆ, ಆದರೆ ಕೊಂದರೆ ಎಷ್ಟು ಉಪಯೋಗ ಅಂತ ಯಾರೂ ಸರಿಯಾಗಿ ಅಳೆದಿಲ್ಲ, ಒಂದು ದೊಡ್ಡ ಪ್ರಯೋಗ ಮಾಡಿ. ಮಾಡಿದರು. 1998ರಿಂದ 2005ರವರೆಗೆ, ಒಂದೊಂದು 100 ಚದರ ಕಿಲೋಮೀಟರ್‌ನ 30 ಪ್ರದೇಶಗಳು. ಹತ್ತರಲ್ಲಿ ಸಿಕ್ಕಷ್ಟೂ ಬ್ಯಾಜರ್‌ಗಳನ್ನು ವರ್ಷ ವರ್ಷ ಕೊಂದರು. ಹತ್ತರಲ್ಲಿ ದನಕ್ಕೆ ರೋಗ ಬಂದಾಗ ಮಾತ್ರ ಆ ಸುತ್ತಮುತ್ತ ಕೊಂದರು. ಇನ್ನು ಹತ್ತರಲ್ಲಿ ಸುಮ್ನೆ ಬಿಟ್ಟು ಗಮನಿಸಿದರು. ಎಲ್ಲಿ ಏನು ಮಾಡಬೇಕು ಅಂತ ಲಾಟರಿ ಎತ್ತಿ ನಿರ್ಧರಿಸಿದ್ದು, ಯಾರೂ ತಮಗೆ ಬೇಕಾದ ಹಾಗೆ ಆರಿಸಿದ್ದಲ್ಲ. ಸುಮಾರು 11 ಸಾವಿರ ಬ್ಯಾಜರ್ ಸತ್ತವು, 5 ಕೋಟಿ ಪೌಂಡ್‌ನಷ್ಟು ಖರ್ಚಾಯಿತು. ಕಾಡುಪ್ರಾಣಿಗಳ ರೋಗದ ಬಗ್ಗೆ ಇಷ್ಟು ದೊಡ್ಡ ಪ್ರಯೋಗ ನಡೆದದ್ದು ಅಪರೂಪ.

ಮೊದಲ ಆಘಾತ ಬಂದದ್ದು 2003ರಲ್ಲಿ. ರೋಗ ಬಂದ ಕಡೆ ಮಾತ್ರ ಕೊಲ್ಲುತ್ತಿದ್ದ ಪ್ರದೇಶಗಳಲ್ಲಿ ದನಗಳ ಟಿಬಿ ಇಳಿಯುವ ಬದಲು ಶೇ 27ರಷ್ಟು ಏರಿತ್ತು. ಆ ಭಾಗವನ್ನು ತಕ್ಷಣ ನಿಲ್ಲಿಸಿದರು. ಸಿಕ್ಕಷ್ಟೂ ಬ್ಯಾಜರ್‌ಗಳನ್ನು ವರ್ಷ ವರ್ಷ ಕೊಂದ ಪ್ರದೇಶಗಳಲ್ಲಿ ರೋಗ ಶೇ 23ರಷ್ಟು ಇಳಿದಿತ್ತು, ಒಳ್ಳೆಯದೇ. ಆದರೆ ಅದೇ ಪ್ರದೇಶದ ಗಡಿ ದಾಟಿ ಎರಡು ಕಿಲೋಮೀಟರ್ ಒಳಗಿನ ಫಾರ್ಮುಗಳಲ್ಲಿ ಶೇ 25ರಷ್ಟು ಏರಿತ್ತು. ಒಳಗೆ ಉಳಿಸಿದ್ದನ್ನು ಹೊರಗೆ ಕಳಕೊಂಡ ಹಾಗಾಯಿತು.

ಯಾಕೆ ಹೀಗೆ? ಉತ್ತರ ಬ್ಯಾಜರ್‌ಗಳ ಸಂಸಾರದಲ್ಲಿದೆ. ತೊಂದರೆ ಕೊಡದಿದ್ದರೆ ಬ್ಯಾಜರ್ ಗುಂಪು ತನ್ನ ಸೀಮೆ ಬಿಟ್ಟು ಹೋಗುವುದಿಲ್ಲ. ಗಡಿಯಲ್ಲಿ ಸಣ್ಣ ಗುಂಡಿ ತೋಡಿ ಅಲ್ಲೇ ಮಲ ಹಾಕಿ ಇದು ನಮ್ಮ ಜಾಗ ಅಂತ ಗುರುತು ಮಾಡಿರುತ್ತೆ. ಪಕ್ಕದ ಗುಂಪು ಅದನ್ನು ಮೂಸಿ ವಾಪಸ್ ಹೋಗುತ್ತೆ. ಹಾಗಾಗಿ ಒಂದು ಗುಂಪಿನಲ್ಲಿ ಟಿಬಿ ಇದ್ದರೆ ಅದು ಬಹುಪಾಲು ಅಲ್ಲೇ ಉಳಿಯುತ್ತೆ. ಈಗ ಬೋನಿಟ್ಟು ಗುಂಪಿನ ಅರ್ಧ ಬ್ಯಾಜರ್‌ಗಳನ್ನು ಕೊಂದಿರಿ ಅನ್ನಿ. ಗಡಿ ಕಾಯುವವರಿಲ್ಲ. ಉಳಿದವು ಅಲೆಯಲು ಶುರು ಮಾಡುತ್ತವೆ, ಅಕ್ಕಪಕ್ಕದವು ಖಾಲಿ ಜಾಗಕ್ಕೆ ನುಗ್ಗುತ್ತವೆ, ಕಚ್ಚಾಟ ಹೆಚ್ಚುತ್ತೆ, ಒಂದೊಂದೂ ಮೊದಲಿಗಿಂತ ಜಾಸ್ತಿ ಫಾರ್ಮುಗಳನ್ನು ಸುತ್ತುತ್ತೆ. ಬ್ಯಾಜರ್ ಸಂಖ್ಯೆ ಇಳಿಯಿತು ನಿಜ, ಆದರೆ ಉಳಿದವುಗಳಲ್ಲಿ ಸೋಂಕಿನ ಪಾಲು ಏರಿತು. ಪೂರ್ತಿ ಖಾಲಿ ಮಾಡಿದ ಥಾರ್ನ್‌ಬರಿಯಲ್ಲಿ ಅಲೆಯೋಕೆ ಯಾರೂ ಉಳಿದಿರಲಿಲ್ಲ, ಅರೆಬರೆ ಕೊಂದ ಕಡೆ ಉಳಿದಿದ್ದರು. ಐರ್ಲೆಂಡಿನಲ್ಲಿ ನಾಲ್ಕು ಕೌಂಟಿಗಳಲ್ಲಿ ನಡೆದ ಪ್ರಯೋಗದಲ್ಲಿ ಕೊಲ್ಲುವುದರಿಂದ ಒಳ್ಳೆ ಫಲ ಸಿಕ್ಕಿತ್ತು. ಅಲ್ಲಿ ಬ್ಯಾಜರ್‌ಗಳೂ ಕಡಿಮೆ, ಹೊರಗಿನವು ಒಳಗೆ ಬರದ ಹಾಗೆ ಆದಷ್ಟೂ ನದಿ, ಸಮುದ್ರದಂಥ ಗಡಿ ನೋಡಿ ಜಾಗ ಆರಿಸಿದ್ದರು.

2007ರ ಜೂನ್‌ನಲ್ಲಿ ಪ್ರಯೋಗದ ಸಮಿತಿಯ ಅಧ್ಯಕ್ಷ ಜಾನ್ ಬೋರ್ನ್ ಅಂತಿಮ ವರದಿ ಕೊಟ್ಟರು. ಬ್ಯಾಜರ್ ಕೊಲ್ಲುವುದರಿಂದ ಬ್ರಿಟನ್ನಿನ ದನಗಳ ಟಿಬಿ ಹತೋಟಿಗೆ ಹೇಳಿಕೊಳ್ಳುವಂಥ ಸಹಾಯ ಆಗಲ್ಲ, ದನಗಳ ಕಡೆ ಕ್ರಮ ಬಿಗಿ ಮಾಡಿ ಅನ್ನೋದು ಅದರ ತಾತ್ಪರ್ಯ. ಕೆಲವೇ ತಿಂಗಳಲ್ಲಿ ಸರ್ಕಾರದ ಮುಖ್ಯ ವಿಜ್ಞಾನ ಸಲಹೆಗಾರ ಡೇವಿಡ್ ಕಿಂಗ್ ಅದೇ ಅಂಕಿಅಂಶ ಇಟ್ಟುಕೊಂಡು ಉಲ್ಟಾ ಹೇಳಿದರು: ದೊಡ್ಡ ಪ್ರದೇಶದಲ್ಲಿ, ಬಹಳ ಕಾಲ ಮಾಡಿದರೆ ಫಲ ಸಿಗುತ್ತೆ. ಅಲ್ಲಿಂದ ಜಗಳದ ಎರಡೂ ಕಡೆಯವರಿಗೆ ಒಂದೊಂದು ವರದಿ ಸಿಕ್ಕ ಹಾಗಾಯಿತು.

ಈ ಜಗಳದಲ್ಲಿ ಜನ ಎಸೆದಾಡುವ ಎರಡು ಅಂಕಿಗಳಿವೆ. ಒಬ್ಬರು ದನಗಳ ಟಿಬಿಗೆ ಬ್ಯಾಜರ್ ಕಾರಣ ಬರೀ ಶೇ 6 ಅಂತಾರೆ. ಇನ್ನೊಬ್ಬರು ಅರ್ಧಕ್ಕರ್ಧ ಬ್ಯಾಜರ್‌ನದೇ ಕೆಲಸ ಅಂತಾರೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿರಬೇಕು ಅನ್ಸುತ್ತೆ ಅಲ್ವಾ? ಎರಡೂ ಬಂದಿರೋದು 2013ರ ಒಂದೇ ಅಧ್ಯಯನದಿಂದ. ನೇರವಾಗಿ ಬ್ಯಾಜರ್‌ನಿಂದಲೇ ಸೋಂಕು ಬಂದ ಹಿಂಡುಗಳು ಶೇ 6ರ ಸುಮಾರು. ಆದರೆ ಆ ಹಿಂಡಿನಿಂದ ಪಕ್ಕದ ಹಿಂಡಿಗೆ, ಅಲ್ಲಿಂದ ಮಾರಿದ ಹಸುವಿನ ಜೊತೆ ಇನ್ನೊಂದು ಊರಿಗೆ ಹೋಗುತ್ತಲ್ಲ, ಆ ಸರಪಳಿಯನ್ನೆಲ್ಲ ಬ್ಯಾಜರ್ ಲೆಕ್ಕಕ್ಕೆ ಹಾಕಿದರೆ ಶೇ 52 ಆಗುತ್ತೆ. ಅದೂ ಖಚಿತ ಅಲ್ಲ. ಲೆಕ್ಕದ ಅನಿಶ್ಚಿತತೆ ಶೇ 9ರಿಂದ 100ರವರೆಗೆ ಚಾಚಿದೆ. ಅಂದರೆ ಅಂಕಿ ಅನ್ನೋದಕ್ಕಿಂತ ಒಂದು ಅಂದಾಜು ಅನ್ನಿ.

ನನಗೆ ಮುಖ್ಯ ಅನ್ನಿಸೋದು ಈ ಎರಡು ಅಂಕಿಗಳ ನಡುವಿನ ಅಂತರ. ಆರನ್ನು ಐವತ್ತೆರಡು ಮಾಡಿದ್ದು ಬ್ಯಾಜರ್ ಅಲ್ಲ. ದನದಿಂದ ದನಕ್ಕೆ ಹರಡಿದ್ದೇ ಮಾಡಿದ್ದು. ದನದಿಂದ ದನಕ್ಕೆ ಹರಡೋದನ್ನು ಕೂಡಲೇ ಹಿಡಿದಿದ್ದರೆ ಬ್ಯಾಜರ್‌ನಿಂದ ಬಂದ ಸೋಂಕೂ ಅಲ್ಲಲ್ಲೇ ಸಾಯುತ್ತಿತ್ತು. ಯಾಕೆ ಹಿಡಿಯೋಕೆ ಆಗಲಿಲ್ಲ? ಅದಕ್ಕೆ ಪರೀಕ್ಷೆ ಹೇಗೆ ಮಾಡ್ತಾರೆ ಅಂತ ನೋಡಬೇಕು.

ನಮ್ಮ ಪಶು ಆಸ್ಪತ್ರೆಗಳ ಮುಂದೆ ದನ ಅಲ್ಲಾಡದ ಹಾಗೆ ನಿಲ್ಲಿಸೋಕೆ ಕಬ್ಬಿಣದ ಪೈಪಿನ ಚೌಕಟ್ಟು ಇರುತ್ತಲ್ಲ, ಹೆಚ್ಚುಕಡಿಮೆ ಅಂಥದ್ದರಲ್ಲಿ ಹಸುವನ್ನು ನಿಲ್ಲಿಸುತ್ತಾರೆ. ಪಶುವೈದ್ಯರು ಕುತ್ತಿಗೆಯ ಮೇಲೆ ಎರಡು ಕಡೆ ಕೂದಲು ಕತ್ತರಿಸುತ್ತಾರೆ, ಒಂದು ಮೇಲೆ, ಒಂದು ಕೆಳಗೆ. ಎರಡೂ ಕಡೆ ಚರ್ಮವನ್ನು ಮಡಿಸಿ ಹಿಡಿದು ಕ್ಯಾಲಿಪರ್‌ನಿಂದ ದಪ್ಪ ಅಳೆದು ಬರೆದುಕೊಳ್ಳುತ್ತಾರೆ. ಮೇಲಿನ ಜಾಗಕ್ಕೆ ಹಕ್ಕಿಗಳ ಟಿಬಿ ರೋಗಾಣುವಿನಿಂದ ತೆಗೆದ ಪ್ರೋಟೀನ್, ಕೆಳಗಿನದಕ್ಕೆ ಹಸುವಿನ ಟಿಬಿಯದ್ದು, ಎರಡೂ ಚುಚ್ಚುತ್ತಾರೆ. ಮೂರು ದಿನ ಬಿಟ್ಟು ಬಂದು ಮತ್ತೆ ಅಳೆಯುತ್ತಾರೆ. ಸೋಂಕಿರುವ ಹಸುವಿನ ಮೈ ಆ ಪ್ರೋಟೀನನ್ನು ಗುರುತು ಹಿಡಿದು ಅಲ್ಲಿ ಊದಿಕೊಳ್ಳುತ್ತೆ. ಕೆಳಗಿನ ಊತ ಮೇಲಿನದಕ್ಕಿಂತ 4 ಮಿಲಿಮೀಟರ್‌ಗೂ ಜಾಸ್ತಿ ಇದ್ದರೆ ಹಸು ರಿಯಾಕ್ಟರ್, ಅಂದರೆ ಸೋಂಕಿದೆ ಅಂತ ಲೆಕ್ಕ. ಕಸಾಯಿಖಾನೆಗೆ ಹೋಗಬೇಕು. ಹಕ್ಕಿಯದ್ದು ಯಾಕೆ ಅಂದರೆ, ಮಣ್ಣಿನಲ್ಲಿ, ನೀರಿನಲ್ಲಿ ಅದೇ ಜಾತಿಯ ನಿರುಪದ್ರವಿ ರೋಗಾಣುಗಳು ಎಷ್ಟೋ ಇರುತ್ತವೆ. ಅವುಗಳ ಪರಿಚಯ ಇರುವ ಹಸುವೂ ಸ್ವಲ್ಪ ಊದಿಕೊಳ್ಳಬಹುದು. ಹೋಲಿಸಿ ನೋಡಿದರೆ ಆ ಗೊಂದಲ ತಪ್ಪುತ್ತೆ.

ಈ ಪರೀಕ್ಷೆ ಒಂದು ಕೆಲಸದಲ್ಲಿ ಬಹಳ ಗಟ್ಟಿ. ಸೋಂಕಿಲ್ಲದ ಹಸುವನ್ನು ಸೋಂಕಿದೆ ಅಂತ ತಪ್ಪಾಗಿ ಹೇಳೋದು 5,000ಕ್ಕೆ ಒಂದರಷ್ಟು ಮಾತ್ರ. ಇನ್ನೊಂದು ಕೆಲಸದಲ್ಲಿ ಸೋಲುತ್ತೆ. ಸೋಂಕಿರುವ ನೂರು ಹಸುಗಳಲ್ಲಿ ಇದು ಹಿಡಿಯೋದು 80 ಅಂತ ಸಾಮಾನ್ಯವಾಗಿ ಹೇಳುತ್ತಾರೆ, ಇನ್ನೂ ಕಡಿಮೆ ಅನ್ನುವ ಲೆಕ್ಕಗಳೂ ಇವೆ. ಸೋಂಕು ತೀರಾ ಹೊಸದಾಗಿದ್ದರೆ ಊತ ಬರಲ್ಲ. ತೀರಾ ಹಳೆಯದಾಗಿ ಹಸುವಿನ ರೋಗನಿರೋಧಕ ಶಕ್ತಿ ಸೋತಿದ್ದರೂ ಊತ ಬರದೆ ಹೋಗಬಹುದು, ಅಂಥ ಹಸು ರೋಗ ಹಂಚೋದರಲ್ಲಿ ಎಲ್ಲಕ್ಕಿಂತ ಮುಂದಿರಬಹುದು.

ಈಗ ಹಿಂಡಿನ ಮಟ್ಟದಲ್ಲಿ ಯೋಚಿಸಿ. ಇನ್ನೂರು ಹಸುಗಳ ಡೈರಿ, ಅದರಲ್ಲಿ ಹತ್ತಕ್ಕೆ ಸೋಂಕು. ಪರೀಕ್ಷೆ ಎಂಟನ್ನು ಹಿಡಿಯಿತು, ಎರಡು ಉಳಿದವು. ಹಿಂಡಿಗೆ ದಿಗ್ಬಂಧನ. ಹಾಲು ಪಾಶ್ಚರೀಕರಣಕ್ಕೆ ಹೋಗಬಹುದು, ಆದರೆ ದನ ಮಾರುವ ಹಾಗಿಲ್ಲ. 60 ದಿನಕ್ಕೊಮ್ಮೆ ಮತ್ತೆ ಪರೀಕ್ಷೆ, ಸಾಲಾಗಿ ಎರಡು ಸಲ ಯಾವ ಹಸುವೂ ಊದದಿದ್ದರೆ ಬಿಡುಗಡೆ. ಆ ಎರಡರಲ್ಲಿ ಒಂದು ಎರಡೂ ಸಲ ತಪ್ಪಿಸಿಕೊಂಡಿತು ಅನ್ನಿ. ಕಾಗದದ ಮೇಲೆ ಹಿಂಡು ಶುದ್ಧ. ಗರಿಕೆ ಕಿತ್ತ ಹಾಗೆ, ಮೇಲೆ ಕಂಡದ್ದೆಲ್ಲ ಬಂತು, ಬೇರಿನ ಒಂದು ತುಂಡು ಒಳಗುಳಿಯಿತು. ವರ್ಷದ ನಂತರ ಮತ್ತೆ ಐದಾರು ಹಸುಗಳಿಗೆ ಬಂದಾಗ ರೈತ ಬೇಲಿಯಾಚೆಯ ಬ್ಯಾಜರ್ ಬಿಲ ತೋರಿಸುತ್ತಾನೆ. ಅವನ ತಪ್ಪೂ ಅಲ್ಲ, ನನ್ನ ಹಿಂಡು ಶುದ್ಧ ಅಂತ ಸರ್ಕಾರವೇ ಬರೆದುಕೊಟ್ಟಿದೆಯಲ್ಲ! ಕೇಂಬ್ರಿಜ್‌ನ ವಿಜ್ಞಾನಿಗಳು 2012ರಲ್ಲಿ ಲೆಕ್ಕ ಹಾಕಿದ ಪ್ರಕಾರ ಹೀಗೆ ಬಿಡುಗಡೆ ಪಡೆದ ಹಿಂಡುಗಳಲ್ಲಿ ಶೇ 21ರವರೆಗೆ ಸೋಂಕು ಒಳಗೇ ಉಳಿದಿರಬಹುದು. ಐದಕ್ಕೆ ಒಂದು!

2001ರಲ್ಲಿ ಇನ್ನೊಂದು ಎಡವಟ್ಟಾಯಿತು. ಬ್ರಿಟನ್ನಿಗೆ ಕಾಲುಬಾಯಿ ಜ್ವರ ಬಂದು ಲಕ್ಷಾಂತರ ದನ ಕೊಂದರು, ಆ ಗಲಾಟೆಯಲ್ಲಿ ಟಿಬಿ ಪರೀಕ್ಷೆ ತಿಂಗಳುಗಟ್ಟಲೆ ನಿಂತುಹೋಯಿತು. ಆಮೇಲೆ ಖಾಲಿಯಾದ ಕೊಟ್ಟಿಗೆ ತುಂಬಿಸೋಕೆ ದೇಶದ ಎಲ್ಲ ಕಡೆಯಿಂದ ದನ ಕೊಂಡರು, ಅದರಲ್ಲಿ ನೈಋತ್ಯದ ಟಿಬಿ ದನಗಳೂ ಇದ್ದವು. ಅಲ್ಲಿಯವರೆಗೆ ರೋಗದ ಸುಳಿವೇ ಇಲ್ಲದ ಜಾಗಗಳಿಗೆ ಟಿಬಿ ಹೋದದ್ದು ಲಾರಿಯಲ್ಲಿ. ಬ್ಯಾಜರ್‌ಗಳು ನೈಋತ್ಯದ ಕಾರ್ನ್‌ವಾಲ್‌ನಿಂದ ವಾಯುವ್ಯ ತುದಿಯ ಕಂಬ್ರಿಯಾಗೆ ನಡೆದುಕೊಂಡು ಹೋಗೋದಿಲ್ಲ ತಾನೆ? ಅದೇ ಕಂಬ್ರಿಯಾದಲ್ಲಿ ಆಮೇಲೆ ಒಂದು ವಿಚಿತ್ರ ನಡೆಯಿತು. ಅಲ್ಲಿನ ದನಗಳಲ್ಲೂ ಬ್ಯಾಜರ್‌ಗಳಲ್ಲೂ ಸಿಕ್ಕ ರೋಗಾಣುವಿನ ಜೀನ್ ನೋಡಿದರೆ ಅದು ಇಂಗ್ಲೆಂಡಿನದ್ದೇ ಅಲ್ಲ, ಉತ್ತರ ಐರ್ಲೆಂಡಿನ ತಳಿ. ಅಂದರೆ ಸಮುದ್ರ ದಾಟಿ ದನದ ಜೊತೆ ಬಂದು, ದನದಿಂದ ಬ್ಯಾಜರ್‌ಗೆ ಹೋಗಿತ್ತು. ಇದಕ್ಕೆ ಎದುರಾಗಿ ಗ್ಲಾಸ್ಟರ್‌ಶೈರ್‌ನ ವುಡ್‌ಚೆಸ್ಟರ್ ಪಾರ್ಕ್ ಇದೆ. ಅಲ್ಲಿ 1970ರ ದಶಕದಿಂದ ಬ್ಯಾಜರ್‌ಗಳನ್ನು ಹಿಡಿದು, ಪರೀಕ್ಷಿಸಿ, ಬಿಡುತ್ತಾ ಬಂದಿದ್ದಾರೆ. 2019ರಲ್ಲಿ ಅಲ್ಲಿನ ರೋಗಾಣುಗಳ ಜೀನ್ ಓದಿದಾಗ ಬ್ಯಾಜರ್‌ನಿಂದ ದನಕ್ಕೆ ಹೋಗಿದ್ದು ದನದಿಂದ ಬ್ಯಾಜರ್‌ಗೆ ಬಂದದ್ದಕ್ಕಿಂತ ಹತ್ತು ಪಟ್ಟು ಜಾಸ್ತಿ ಕಂಡಿತು. ಒಂದು ಊರಿನ ಕತೆಯನ್ನು ಇನ್ನೊಂದು ಊರಿಗೆ ಹಚ್ಚೋಕಾಗಲ್ಲ.

ನಮಗೆ ಹತ್ತಿರ ಅನ್ನಿಸುವ ಒಂದು ಪ್ರಸಂಗವೂ ಈ ಇತಿಹಾಸದಲ್ಲಿದೆ. ವೇಲ್ಸ್‌ನ ಕಾರ್ಮಾರ್ಥನ್‌ಶೈರ್‌ನಲ್ಲಿ ಸ್ಕಂದ ವೇಲ್ ಅಂತ ಒಂದು ಆಶ್ರಮ ಇದೆ, ಸುಬ್ರಹ್ಮಣ್ಯನ ದೇವಸ್ಥಾನ ಇರುವ ಜಾಗ. ಅಲ್ಲಿ ಶಂಭೋ ಅಂತ ಒಂದು ಕಪ್ಪು ಫ್ರೀಷಿಯನ್ ಹೋರಿ ಇತ್ತು. 2007ರಲ್ಲಿ ಚರ್ಮದ ಪರೀಕ್ಷೆಯಲ್ಲಿ ಅದರ ಕುತ್ತಿಗೆ ಊದಿತು. ಕಾನೂನಿನ ಪ್ರಕಾರ ಕೊಲ್ಲಬೇಕು. ಆಶ್ರಮದವರು ಒಪ್ಪಲಿಲ್ಲ. ಅದನ್ನು ಬೇರೆ ಕಟ್ಟಿ ಸಾಕುತ್ತೇವೆ, ಯಾರಿಗೂ ತೊಂದರೆ ಕೊಡಲ್ಲ, ನಮ್ಮ ಧರ್ಮದಲ್ಲಿ ಇದನ್ನು ಕೊಲ್ಲೋದು ಅಂದರೆ ಆಗದ ಮಾತು ಅಂದರು. ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತು, ವಾರದೊಳಗೆ ಮೇಲಿನ ಕೋರ್ಟ್ ಅದನ್ನು ತಳ್ಳಿಹಾಕಿತು. ಜುಲೈ 26ರಂದು ಪೊಲೀಸರು ಬಂದಾಗ ಭಕ್ತರು ಹೋರಿಯ ಸುತ್ತ ಕೂತು ಭಜನೆ ಮಾಡುತ್ತಿದ್ದರು. ಒಬ್ಬೊಬ್ಬರನ್ನೇ ಎಬ್ಬಿಸಿ ಹೊರಗೆ ಕಳಿಸಿ ಹೋರಿಯನ್ನು ಕರೆದೊಯ್ದರು. ಶವಪರೀಕ್ಷೆಯಲ್ಲಿ ಟಿಬಿಯ ಲಕ್ಷಣದ ಗಂಟುಗಳು ಕಂಡವು ಅಂತ ಅಧಿಕಾರಿಗಳು ಹೇಳಿದರು. ಕಾನೂನು ಎಲ್ಲರಿಗೂ ಒಂದೇ ಇರಬೇಕು, ನೂರಾರು ರೈತರು ತಮ್ಮ ಹಸುಗಳನ್ನು ಕಣ್ಣೆದುರೇ ಕಳಿಸಿಕೊಟ್ಟಿರುವಾಗ ಇವರಿಗೆ ಮಾತ್ರ ಯಾಕೆ ವಿನಾಯಿತಿ ಅನ್ನುವ ಪ್ರಶ್ನೆ ನ್ಯಾಯವಾದದ್ದೇ. ಆದರೂ ಒಂಟಿಯಾಗಿ ಕಟ್ಟಿ ಹಾಕಿದ, ಯಾರೂ ತಿನ್ನದ, ಯಾರೂ ಮಾರದ ಒಂದು ಹೋರಿಯಿಂದ ಎಷ್ಟು ಅಪಾಯ ಇತ್ತು ಅಂತ ಕೇಳಿದರೆ ನನಗೇನೋ ಬಹಳ ಕಡಿಮೆ ಅನ್ಸುತ್ತೆ.

2013ರಲ್ಲಿ ಇಂಗ್ಲೆಂಡ್ ಮತ್ತೆ ಬಂದೂಕು ಎತ್ತಿತು. ಮೊದಲು ಗ್ಲಾಸ್ಟರ್‌ಶೈರ್ ಮತ್ತು ಸಾಮರ್‌ಸೆಟ್. ಪ್ರದೇಶದ ಶೇ 70 ಬ್ಯಾಜರ್‌ಗಳನ್ನಾದರೂ ತೆಗೆಯಬೇಕು ಅನ್ನೋದು ಗುರಿ. ಶೇ 70 ಅಂದರೆ ಒಟ್ಟು ಎಷ್ಟಿವೆ ಅಂತ ಗೊತ್ತಿರಬೇಕಲ್ಲ? ರಾತ್ರಿ ಮಾತ್ರ ಹೊರಬರುವ, ನೆಲದೊಳಗೆ ಇರುವ ಪ್ರಾಣಿಯನ್ನು ಎಣಿಸೋದು ಹೇಗೆ? ಎಣಿಕೆ ಬದಲಾಗುತ್ತಾ ಹೋಯಿತು, ಗುರಿ ಮುಟ್ಟಲಿಲ್ಲ. ಆಗಿನ ಪರಿಸರ ಮಂತ್ರಿ ಓವೆನ್ ಪ್ಯಾಟರ್ಸನ್, ಬ್ಯಾಜರ್‌ಗಳು ಗೋಲ್‌ಪೋಸ್ಟನ್ನೇ ಜರುಗಿಸಿಬಿಟ್ಟವು ಅಂದುಬಿಟ್ಟರು. ಇಡೀ ದೇಶ ನಕ್ಕಿತು. ಕ್ವೀನ್ ಬ್ಯಾಂಡಿನ ಗಿಟಾರ್ ವಾದಕ ಬ್ರಿಯಾನ್ ಮೇ ಬ್ಯಾಜರ್ ಪರ ಬೀದಿಗಿಳಿದರು. ನಗು, ಪ್ರತಿಭಟನೆ ಎಲ್ಲದರ ನಡುವೆ ಕೊಲ್ಲುವುದು ವರ್ಷದಿಂದ ವರ್ಷಕ್ಕೆ ಬೇರೆ ಬೇರೆ ಜಿಲ್ಲೆಗೆ ಹಬ್ಬಿತು. ಇಲ್ಲಿಯವರೆಗೆ ಸತ್ತ ಬ್ಯಾಜರ್‌ಗಳು 2 ಲಕ್ಷ 30 ಸಾವಿರಕ್ಕೂ ಹೆಚ್ಚು.

ಫಲ ಸಿಕ್ಕಿತಾ? ಇಲ್ಲಿ ಮತ್ತೆ ಅದೇ ಕತೆ. 2019ರ ಒಂದು ಅಧ್ಯಯನ ಗ್ಲಾಸ್ಟರ್‌ಶೈರ್‌ನಲ್ಲಿ ಶೇ 66, ಸಾಮರ್‌ಸೆಟ್‌ನಲ್ಲಿ ಶೇ 37 ರೋಗ ಇಳಿಯಿತು ಅಂದಿತು. 2022ರ ಇನ್ನೊಂದು, ಕೊಂದ ಕಡೆಗೂ ಕೊಲ್ಲದ ಕಡೆಗೂ ವ್ಯತ್ಯಾಸ ಕಾಣಲ್ಲ ಅಂದಿತು. 2024ರದ್ದು ನಾಲ್ಕನೇ ವರ್ಷದ ಹೊತ್ತಿಗೆ ಶೇ 56 ಇಳಿಕೆ ಅಂದಿತು. ತೊಂದರೆ ಏನಪ್ಪಾ ಅಂದರೆ, ಬ್ಯಾಜರ್ ಕೊಲ್ಲುತ್ತಿದ್ದ ವರ್ಷಗಳಲ್ಲೇ ದನಗಳ ಪರೀಕ್ಷೆಯನ್ನೂ ಬಿಗಿ ಮಾಡಿದರು, ಚರ್ಮದ ಪರೀಕ್ಷೆಯ ಜೊತೆ ರಕ್ತ ಪರೀಕ್ಷೆಯನ್ನೂ ಸೇರಿಸಿದರು. ಯಾವುದರಿಂದ ಎಷ್ಟು ಇಳಿಯಿತು ಅಂತ ಬಿಡಿಸೋಕೆ ಆಗಲ್ಲ. 1998ರಲ್ಲಿ ಮಾಡಿದ ಹಾಗೆ ಲಾಟರಿ ಎತ್ತಿ, ಕೊಲ್ಲದ ಜಾಗಗಳನ್ನೂ ಇಟ್ಟುಕೊಂಡಿದ್ದರೆ ಬಿಡಿಸಬಹುದಿತ್ತು. ಎರಡು ಲಕ್ಷ ಪ್ರಾಣಿ ಕೊಂದ ಮೇಲೂ ಉತ್ತರ ಸಿಗದ ಹಾಗೆ ಮಾಡಿಕೊಂಡರಲ್ಲ, ಇದಕ್ಕೆ ನನಗೆ ಸಿಟ್ಟು ಬರುತ್ತೆ. ಕೊಲ್ಲಲೇಬೇಕು ಅಂತಿದ್ದರೆ ಅದರಿಂದ ಏನಾದರೂ ಕಲಿಯೋ ಹಾಗಾದರೂ ಕೊಲ್ಲಬಾರದಿತ್ತಾ?

2018ರಲ್ಲಿ ಆಕ್ಸ್‌ಫರ್ಡ್‌ನ ಚಾರ್ಲ್ಸ್ ಗಾಡ್‌ಫ್ರೇ ನೇತೃತ್ವದ ಸಮಿತಿ ಎಲ್ಲವನ್ನೂ ಅಳೆದು ತೂಗಿ ನೋಡಿತು. ಬ್ಯಾಜರ್ ದನಕ್ಕೆ ರೋಗ ಕೊಡುತ್ತೆ, ಕೊಂದರೆ ಸ್ವಲ್ಪ ಮಟ್ಟಿಗೆ ಪ್ರಯೋಜನ ಆಗುತ್ತೆ, ಆದರೆ ಕಾಡುಪ್ರಾಣಿ ಮೇಲೇ ಎಲ್ಲ ಗಮನ ಇಟ್ಟು ರೈತರೂ ಸರ್ಕಾರವೂ ತಾವು ಮಾಡಬೇಕಾದ್ದನ್ನು ಮಾಡಿಲ್ಲ ಅನ್ನೋ ಅರ್ಥದಲ್ಲಿ ಹೇಳಿತು. ಆ ವರ್ಷ ಗ್ರೇಟ್ ಬ್ರಿಟನ್ನಿನಲ್ಲಿ ಟಿಬಿ ಹೆಸರಲ್ಲಿ ಕೊಂದ ದನಗಳು 44 ಸಾವಿರ. ಈಗ ಅದು ಇಳಿದಿದೆ, ಆದರೂ ಇಂಗ್ಲೆಂಡ್ ಒಂದರಲ್ಲೇ ವರ್ಷಕ್ಕೆ 20 ಸಾವಿರದ ಆಸುಪಾಸು. ಸರ್ಕಾರಕ್ಕೆ ವರ್ಷಕ್ಕೆ 10 ಕೋಟಿ ಪೌಂಡ್‌ನಷ್ಟು ಖರ್ಚು. ರೈತನಿಗೆ ಪರಿಹಾರ ಸಿಗುತ್ತೆ, ಆದರೆ ತಾನೇ ಹೆರಿಗೆ ಮಾಡಿಸಿ ಬೆಳೆಸಿದ, ಇನ್ನೇನು ಕರು ಹಾಕಬೇಕಿದ್ದ ಹಸುವನ್ನು ಗುಂಡಿಟ್ಟು ಕೊಲ್ಲೋದನ್ನು ನೋಡಿದವನಿಗೆ ಚೆಕ್ ಎಷ್ಟು ಸಮಾಧಾನ ಕೊಟ್ಟೀತು? ಬ್ಯಾಜರ್ ಮೇಲಿನ ರೈತರ ಸಿಟ್ಟನ್ನು ಕ್ರೌರ್ಯ ಅಂತ ಸುಲಭವಾಗಿ ಅಂದುಬಿಡುವವರು ಇದನ್ನೂ ಯೋಚಿಸಬೇಕು.

2024ರ ಆಗಸ್ಟ್‌ನಲ್ಲಿ ಹೊಸ ಲೇಬರ್ ಸರ್ಕಾರ 2029ರೊಳಗೆ ಬ್ಯಾಜರ್ ಕೊಲ್ಲುವುದನ್ನು ಪೂರ್ತಿ ನಿಲ್ಲಿಸುತ್ತೇವೆ ಅಂತ ಘೋಷಿಸಿತು. ಅದರ ಜಾಗಕ್ಕೆ ಬರುವುದು ಲಸಿಕೆ. ಬ್ಯಾಜರ್‌ಗೆ ಹಾಕುವುದು ನಮ್ಮ ಮಕ್ಕಳಿಗೆ ಹಾಕಿಸುವ ಅದೇ ಬಿಸಿಜಿ. 2010ರಲ್ಲೇ ಪರವಾನಗಿ ಸಿಕ್ಕಿತ್ತು. ಬೋನಿನಲ್ಲಿ ಕಡಲೆಕಾಯಿ ಇಡುತ್ತಾರೆ, ಬ್ಯಾಜರ್‌ಗೆ ಕಡಲೆಕಾಯಿ ಅಂದರೆ ಪ್ರಾಣ, ಬೆಳಗ್ಗೆ ಹೋಗಿ ಚುಚ್ಚಿ ಬಿಟ್ಟುಬಿಡುತ್ತಾರೆ. ಆಗಲೇ ಸೋಂಕು ಇರುವ ಬ್ಯಾಜರ್‌ನ ರೋಗ ಇದರಿಂದ ವಾಸಿಯಾಗಲ್ಲ, ಹೊಸ ಮರಿಗಳಿಗೆ ರಕ್ಷಣೆ ಸಿಗುತ್ತೆ. ಗುಂಪು ಒಡೆಯೋದಿಲ್ಲ, ಹಾಗಾಗಿ ಅಲೆದಾಟದ ತೊಂದರೆಯೂ ಇಲ್ಲ. ವರ್ಷ ವರ್ಷ ಹಾಕಬೇಕು, ಜನ ಬೇಕು, ದುಡ್ಡು ಬೇಕು.

ಹಾಗಾದರೆ ಹಸುವಿಗೇ ಬಿಸಿಜಿ ಹಾಕಬಹುದಲ್ಲ ಅಂತ ನಿಮಗೆ ಆಗಲೇ ಅನ್ನಿಸಿರುತ್ತೆ. ಅಡ್ಡ ಬರೋದು ಅದೇ ಚರ್ಮದ ಪರೀಕ್ಷೆ. ಬಿಸಿಜಿ ಅಂದರೆ ಬಲಗುಂದಿಸಿದ ಬೋವಿಸ್ ರೋಗಾಣುವೇ. ಲಸಿಕೆ ಹಾಕಿದ ಹಸುವಿನ ಕುತ್ತಿಗೆಯೂ ಊದಿಕೊಳ್ಳುತ್ತೆ, ಸೋಂಕಿರುವ ಹಸುವಿನದ್ದೂ ಊದಿಕೊಳ್ಳುತ್ತೆ. ಯಾವುದು ಯಾವುದು ಅಂತ ಗೊತ್ತಾಗಲ್ಲ, ಗೊತ್ತಾಗದಿದ್ದರೆ ಬೇರೆ ದೇಶ ಆ ದನ ಕೊಳ್ಳಲ್ಲ. ಆದ್ದರಿಂದ ಬಿಸಿಜಿಯಲ್ಲಿ ಇಲ್ಲದ, ನಿಜವಾದ ಸೋಂಕಿನಲ್ಲಿ ಮಾತ್ರ ಇರುವ ಪ್ರೋಟೀನ್‌ಗಳನ್ನು ಆರಿಸಿ ಹೊಸ ಚರ್ಮದ ಪರೀಕ್ಷೆ ತಯಾರಿಸಿದ್ದಾರೆ. ಲಸಿಕೆ ಹಾಕಿದ ಹಸು ಇದಕ್ಕೆ ಊದಲ್ಲ, ಸೋಂಕಿದ್ದರೆ ಊದುತ್ತೆ. ಲಸಿಕೆ ಮತ್ತು ಈ ಪರೀಕ್ಷೆ ಎರಡರ ಪ್ರಯೋಗ 2021ರಿಂದ ಬ್ರಿಟನ್ನಿನ ಫಾರ್ಮುಗಳಲ್ಲಿ ನಡೆಯುತ್ತಿದೆ.

ಇದು ಗೆದ್ದರೆ ಬ್ರಿಟನ್‌ಗಿಂತ ಜಾಸ್ತಿ ಲಾಭ ನಮಗೇ. ಭಾರತದಲ್ಲಿ ಬ್ಯಾಜರ್ ಜಗಳ ಇಲ್ಲ, ಆದರೆ ರೋಗ ಇದೆ. ಇಲ್ಲಿ ನಡೆದ ಹಲವಾರು ಸಮೀಕ್ಷೆಗಳನ್ನು ಒಟ್ಟು ಹಾಕಿ 2018ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ನಮ್ಮ ದನ ಎಮ್ಮೆಗಳಲ್ಲಿ ಶೇ 7ರಷ್ಟಕ್ಕೆ ಸೋಂಕಿದೆ, ಅಂದರೆ ಎರಡು ಕೋಟಿಗೂ ಹೆಚ್ಚು. ಪರೀಕ್ಷೆ ಮಾಡಿ ಕೊಲ್ಲುವ ದಾರಿ ಇಲ್ಲಿಲ್ಲ. ಕರ್ನಾಟಕವೂ ಸೇರಿ ಹೆಚ್ಚಿನ ರಾಜ್ಯಗಳಲ್ಲಿ ಗೋಹತ್ಯೆಗೆ ಕಾನೂನಿನ ತಡೆ ಇದೆ, ಇಲ್ಲದಿದ್ದರೂ ಎರಡು ಹಸು ಇಟ್ಟುಕೊಂಡು ಡೈರಿಗೆ ಹಾಲು ಹಾಕಿ ಬದುಕುವ ಮನೆಗೆ ಪರಿಹಾರ ಕೊಡುವಷ್ಟು ದುಡ್ಡು ಯಾರ ಹತ್ತಿರ ಇದೆ? ನಮ್ಮನ್ನು ಕಾಯುತ್ತಿರೋದು ಹಾಲು ಕಾಯಿಸುವ ಅಭ್ಯಾಸ. ಪಾಶ್ಚರೀಕರಣ ಆಗಿಯೇ ಬರುವ ನಂದಿನಿ ಪ್ಯಾಕೆಟ್ಟನ್ನೂ ಮನೆಯಲ್ಲಿ ಉಕ್ಕಿಸದೆ ಬಿಡುವವರು ಕಡಿಮೆ. ಆರೋಗ್ಯಕ್ಕೆ ಒಳ್ಳೇದು ಅಂತ ಇತ್ತೀಚೆಗೆ ಹಸಿ ಹಾಲು ಕುಡಿಯೋ ಹುಚ್ಚು ಹಿಡಿಸಿಕೊಂಡವರಿಗೆ ದಯವಿಟ್ಟು 1930ರ ಬ್ರಿಟನ್ ಕತೆ ಹೇಳಿ.

ದನಗಳಿಗೆ ಬಿಸಿಜಿ ಎಷ್ಟು ಕೆಲಸ ಮಾಡುತ್ತೆ ಅನ್ನೋದಕ್ಕೆ ಒಂದು ಒಳ್ಳೆ ಸುದ್ದಿ ಇಥಿಯೋಪಿಯಾದಿಂದ ಬಂದಿದೆ. ಅಲ್ಲೂ ದನ ಕೊಂದು ರೋಗ ಕಳೆಯುವ ಶಕ್ತಿ ಸರ್ಕಾರಕ್ಕಿಲ್ಲ. ಲಸಿಕೆ ಹಾಕಿದ ಮತ್ತು ಹಾಕದ ಕರುಗಳನ್ನು ಸೋಂಕಿನ ಹಸುಗಳ ಜೊತೆ ಒಂದು ವರ್ಷ ಒಟ್ಟಿಗೆ ಇಟ್ಟು, ಆಮೇಲೆ ಅವುಗಳಿಂದ ಬೇರೆ ಕರುಗಳಿಗೆ ಎಷ್ಟು ಹರಡುತ್ತೆ ಅಂತ ನೋಡಿದರು. 2024ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹರಡುವಿಕೆ ಶೇ 89ರಷ್ಟು ಇಳಿಯಿತು. ಲಸಿಕೆ ಹಾಕಿದ ಮೇಲೂ ಕೆಲವು ದನಗಳಿಗೆ ಸೋಂಕು ಬಂತು, ಆದರೆ ಅಂಥವು ಬೇರೆಯವಕ್ಕೆ ಹಂಚಿದ್ದು ಬಹಳ ಕಡಿಮೆ.